ಆ ಕಿಟಕಿಯ ಮಳೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ ನಮಸ್ಕಾರ.

ಡೊಂಬಿವಲಿಯಲ್ಲಿ ಮೂರು ದಿನಗಳಿಂದ ಮಳೆ ಬಿಟ್ಟಿಲ್ಲ. ಕಳೆದ ವಾರ ಪುಣೆಯಿಂದ ಫೋನು ಮಾಡಿದಾಗ ನೀನು ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿಯ ಹವೆಯ ಬಗ್ಗೆ ಒಂದು ಮಾತು ಹೇಳಿದೆ. ಬೆಟ್ಟದ ಮೇಲಿನ ಮನೆಯೆಂದರೆ ಬಿರುಗಾಳಿ, ಕಣಿವೆಯ ಮನೆಯೆಂದರೆ ಶಾಂತಿ, ನಾಯಕಿ ಕ್ಯಾಥರಿನ್ ಪ್ರೀತಿಸಿದ ಹೀತ್‌ಕ್ಲಿಫ್ ಚಳಿಗಾಲ, ಅವಳ ಗಂಡ ಎಡ್ಗರ್ ವಸಂತ, ಮಕ್ಕಳಿಗೆ ಪಾಠ ಹೇಳಲು ಇಷ್ಟು ಸಾಕು ಎಂದೆ. ಆಗ ಹೂಂಗುಟ್ಟಿದೆನಾದರೂ ಮನಸ್ಸು ಒಪ್ಪಲಿಲ್ಲ. ಓದದೆ ಉತ್ತರಿಸುವುದು ಸರಿಯಲ್ಲವೆಂದು ಪುಸ್ತಕವನ್ನು ಮತ್ತೊಮ್ಮೆ ಮೊದಲಿನಿಂದ ಓದಿ, ನಿನ್ನೆ ರಾತ್ರಿ ಮುಗಿಸಿ, ಈಗ ಬರೆಯಲು ಕುಳಿತಿದ್ದೇನೆ.

ನೀನು ಹೇಳಿದ್ದಕ್ಕೆ ದೊಡ್ಡವರ ಬೆಂಬಲವಿದೆ ಎಂಬುದು ನನಗೆ ಗೊತ್ತು. ವಿಮರ್ಶಕ ಲಾರ್ಡ್ ಡೇವಿಡ್ ಸೆಸಿಲ್ 1934ರಲ್ಲೇ ಈ ಕಾದಂಬರಿಯ ಜಗತ್ತನ್ನು ಬಿರುಗಾಳಿಯ ತತ್ತ್ವ ಮತ್ತು ಪ್ರಶಾಂತಿಯ ತತ್ತ್ವ ಎಂದು ಎರಡಾಗಿ ನೋಡಿದರು. ಅಂದಿನಿಂದ ಅದು ತರಗತಿಗಳಲ್ಲಿ ನೆಲೆನಿಂತಿದೆ. ಆದರೆ ಯಾವ ಯಾವ ದಿನ ಆಕಾಶ ಹೇಗಿತ್ತು, ಆ ದಿನ ಏನು ನಡೆಯಿತು ಎಂಬುದನ್ನು ಪುಟಪುಟವಾಗಿ ಗುರುತು ಹಾಕಿಕೊಂಡು ಓದಿದಾಗ ನನಗೆ ಕಂಡದ್ದು ಬೇರೆ. ಈ ಕಾದಂಬರಿಯಲ್ಲಿ ಜನ ಮೋಸಹೋಗುವುದು ತಿಳಿಯಾದ ದಿನಗಳಲ್ಲಿ. ನಿಜವನ್ನು ಹೊತ್ತು ತರುವುದು ಕೆಟ್ಟ ಹವೆ. ಆ ನಿಜ ಮನೆಯೊಳಗೆ ಬರಲು ಎಮಿಲಿ ಬ್ರಾಂಟೆ ಇಟ್ಟ ದಾರಿ ಕಿಟಕಿ.

ಕಿಟಕಿ ಎಂದೊಡನೆ ನಿನಗೂ ಮುಂಬಯಿ ಫೋರ್ಟಿನ ನಮ್ಮ ಖೋಲಿ ನೆನಪಾಗಿರಬೇಕು. ಹೋಟೆಲಿನ ಎಂಟು ಹುಡುಗರು ಸಾಲಾಗಿ ಮಲಗುತ್ತಿದ್ದ ಆ ಮೂರನೆಯ ಮಾಳಿಗೆಯ ಕೋಣೆಗೆ ಪಡುವಣ ದಿಕ್ಕಿಗೆ ಒಂದೇ ಕಿಟಕಿ, ಅದರ ಕೆಳಗಿನ ಗಾಜು ಒಡೆದು ಎಷ್ಟು ಕಾಲವಾಗಿತ್ತೋ. ರಾತ್ರಿ ಶಾಲೆ ಮುಗಿಸಿ ನಾವಿಬ್ಬರೂ ಬೆಳಗಿನ ಕಾಲೇಜಿಗೆ ಸೇರಿದ ವರ್ಷದ ಜುಲೈಯಲ್ಲಿ, ಗಾಳಿಯೊಡನೆ ಅಡ್ಡ ಹೊಡೆದ ಮಳೆ ನೇರವಾಗಿ ನಮ್ಮ ಚಾಪೆಯ ಮೇಲೆ ಬೀಳತೊಡಗಿತು. ನೀನು ಮೊದಲು ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು ಇಟ್ಟೆ. ಅರ್ಧ ಗಂಟೆಯಲ್ಲಿ ಅದು ನೆನೆದು ಜೋತುಬಿತ್ತು. ಆಮೇಲೆ ನೀನು ಹಳೆಯ ಗೈಡುಗಳನ್ನೂ ನೋಟ್ಸುಗಳನ್ನೂ ತಂದು ಒಂದರ ಮೇಲೊಂದು ಒಟ್ಟಿ ಆ ಕಿಂಡಿಯನ್ನು ಮುಚ್ಚಿದೆ. ಅವುಗಳ ನಡುವೆ ಫ್ಲೋರಾ ಫೌಂಟನ್‌ನ ಹಳೆ ಪುಸ್ತಕದವನಿಂದ ನಾವು ಇಬ್ಬರೂ ದುಡ್ಡು ಸೇರಿಸಿ ಕೊಂಡಿದ್ದ ಈ ಕಾದಂಬರಿಯೂ ಸೇರಿಹೋಗಿತ್ತು. ಬೆಳಿಗ್ಗೆ ತೆಗೆದಾಗ ಅದು ನೀರು ಕುಡಿದು ಉಬ್ಬಿತ್ತು. ಇಡ್ಲಿ ಒಲೆಯ ಪಕ್ಕದಲ್ಲಿ ಒಣಗಿಸಿದೆವು. ಅದೇ ಪ್ರತಿ ಈಗ ನನ್ನ ಮುಂದಿದೆ. ನಡುವಿನ ಪುಟಗಳ ಅಂಚು ಈಗಲೂ ಕಂದು ಬಣ್ಣದ ಅಲೆಯಂತೆ ಸುಕ್ಕಾಗಿದೆ, ತೆರೆದರೆ ತಾನಾಗಿ ಅಲ್ಲೇ ತೆರೆದುಕೊಳ್ಳುತ್ತದೆ.

ಎರಡು ದಿನದ ನಂತರ ಮೂರನೆಯ ಅಧ್ಯಾಯ ಓದುತ್ತಿದ್ದಾಗ ನಾನು ನಿನ್ನನ್ನು ಎಬ್ಬಿಸಿ ಕೂರಿಸಿದ್ದು ಅದಕ್ಕೇ. 1801ರ ಚಳಿಗಾಲದಲ್ಲಿ, ಹಿಮದಿಂದಾಗಿ ದಾರಿ ಮುಚ್ಚಿ ಬೆಟ್ಟದ ಮೇಲಿನ ಮನೆಯಲ್ಲಿ ಉಳಿಯಬೇಕಾದ ಬಾಡಿಗೆದಾರ ಲಾಕ್‌ವುಡ್, ಮರದ ಹಲಗೆಗಳಿಂದ ಕೋಣೆಯಂತೆ ಮಾಡಿದ ಹಳೆಯ ಮಂಚದಲ್ಲಿ ಮಲಗುತ್ತಾನೆ. ಫರ್ ಮರದ ಕೊಂಬೆಯೊಂದು ಕಿಟಕಿಗೆ ಬಡಿಯುತ್ತಿರುತ್ತದೆ. ಕನಸಿನಲ್ಲಿ ಅದನ್ನು ಹಿಡಿಯಲೆಂದು ಗಾಜು ಒಡೆದು ಕೈ ಚಾಚಿದರೆ ಕೊಂಬೆಯ ಬದಲು ಮಂಜಿನಷ್ಟು ತಣ್ಣಗಿರುವ ಪುಟ್ಟ ಕೈ ಸಿಗುತ್ತದೆ. ಒಳಗೆ ಬಿಡು ಎಂದು ಮಗುವೊಂದು ಗೋಗರೆಯುತ್ತದೆ. ಭಯದಲ್ಲಿ ಅವನು ಆ ಮಣಿಕಟ್ಟನ್ನು ಒಡೆದ ಗಾಜಿನ ಮೇಲೆ ಎಳೆದು ತಿಕ್ಕುತ್ತಾನೆ, ಹಾಸಿಗೆ ರಕ್ತದಲ್ಲಿ ತೋಯುತ್ತದೆ. ಕೊನೆಗೆ ಅಲ್ಲಿದ್ದ ಪುಸ್ತಕಗಳನ್ನು ಕಿಂಡಿಗೆ ಅಡ್ಡವಾಗಿ ಒಟ್ಟಿ ಕಿವಿ ಮುಚ್ಚಿಕೊಳ್ಳುತ್ತಾನೆ. ನೀನು ಮಾಡಿದ್ದನ್ನೇ ಅವನೂ ಮಾಡಿದ್ದನ್ನು ಓದಿ ಆ ರಾತ್ರಿ ನಾವಿಬ್ಬರೂ ಮಾತಿಲ್ಲದೆ ಆ ಕಿಟಕಿಯನ್ನೇ ನೋಡುತ್ತ ಕುಳಿತಿದ್ದೆವು.

ಆದರೆ ಆ ಅಧ್ಯಾಯದ ತಿರುಳು ಅದರ ಮುಂದಿನ ನಾಲ್ಕು ಸಾಲುಗಳಲ್ಲಿದೆ. ಲಾಕ್‌ವುಡ್ ಹೊರಗೆ ಹೋದಮೇಲೆ ಮನೆಯ ಯಜಮಾನ ಹೀತ್‌ಕ್ಲಿಫ್ ಅದೇ ಮಂಚವೇರಿ, ಅದೇ ಕಿಟಕಿಯನ್ನು ಕಿತ್ತು ತೆರೆದು, ಬಾ ಕ್ಯಾಥಿ, ಒಳಗೆ ಬಾ ಎಂದು, ಎಂದೋ ಸತ್ತ ಕ್ಯಾಥರಿನ್‌ಳನ್ನು ಕರೆದು ಅಳುತ್ತಾನೆ. ಬರುವುದು ಹಿಮ ಮತ್ತು ಗಾಳಿ ಮಾತ್ರ. ಅವು ಸುಳಿಸುತ್ತಿ ಒಳನುಗ್ಗಿ ದೀಪವನ್ನು ಆರಿಸುತ್ತವೆ. ಒಬ್ಬ ಮುಚ್ಚಿದ್ದನ್ನು ಇನ್ನೊಬ್ಬ ತೆರೆಯುತ್ತಾನೆ. ಅವರಿಬ್ಬರ ನಡುವಣ ಅಂತರವನ್ನು ತಿಳಿಸಲು ಬ್ರಾಂಟೆಗೆ ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಲಿಲ್ಲ. ಮೊದಲ ಅಧ್ಯಾಯದಲ್ಲೇ ಅವಳು ಈ ಮನೆಯ ಕಿಟಕಿಗಳನ್ನು ತೋರಿಸಿರುತ್ತಾಳೆ ಎಂಬುದನ್ನು ಈ ಸಲ ಗಮನಿಸಿದೆ. ‘ವುದರಿಂಗ್’ ಎಂಬುದು ಬಿರುಗಾಳಿಯ ಅಬ್ಬರಕ್ಕೆ ಆ ಸೀಮೆಯ ಜನ ಬಳಸುವ ಮಾತು ಎಂದು ಹೇಳಿ, ಬಡಗಣ ಗಾಳಿಗೆ ಒಂದೇ ಕಡೆಗೆ ವಾಲಿದ ಮರಗಳನ್ನೂ, ಬಿಸಿಲಿನ ಭಿಕ್ಷೆ ಬೇಡುವಂತೆ ಒಂದೇ ದಿಕ್ಕಿಗೆ ಕೈಚಾಚಿದ ಮುಳ್ಳುಗಿಡಗಳನ್ನೂ ತೋರಿಸಿ, ಆಮೇಲೆ ಗೋಡೆಯೊಳಗೆ ಆಳವಾಗಿ ಕೂರಿಸಿದ ಕಿರಿದಾದ ಕಿಟಕಿಗಳಿಗೆ ಬರುತ್ತಾಳೆ. ಮನೆ ಕಟ್ಟಿದವನು ಗಾಳಿಯನ್ನು ಬಲ್ಲವನಾಗಿದ್ದ.

ಈಗ ಇನ್ನೊಂದು ಕಿಟಕಿ. ಕಣಿವೆಯಲ್ಲಿದ್ದ ಗಂಡನ ಮನೆಯಾದ ಥ್ರಷ್‌ಕ್ರಾಸ್ ಗ್ರೇಂಜಿನಲ್ಲಿ, ನಡುಚಳಿಗಾಲದಲ್ಲಿ, ಜ್ವರದಿಂದ ಬಳಲುವ ಕ್ಯಾಥರಿನ್ ಹಲ್ಲಿನಿಂದ ದಿಂಬನ್ನು ಹರಿದು ಅದರ ಗರಿಗಳನ್ನು ಒಂದೊಂದಾಗಿ ಹೆಕ್ಕಿ ಹಾಸಿಗೆಯ ಮೇಲೆ ಜೋಡಿಸುತ್ತಾಳೆ. ಅವುಗಳಲ್ಲಿ ಟಿಟ್ಟಿಭದ ಗರಿಯೊಂದು ಸಿಕ್ಕಾಗ ಅವಳಿಗೆ ಚಿಕ್ಕಂದಿನ ಒಂದು ದೃಶ್ಯ ನೆನಪಾಗುತ್ತದೆ. ಮೋಡಗಳು ದಿಣ್ಣೆಗಳಿಗೆ ತಾಗುತ್ತಿದ್ದವು, ಮಳೆ ಬರುವುದನ್ನರಿತ ಹಕ್ಕಿ ಗೂಡು ಸೇರಬೇಕೆಂದು ತಲೆಯ ಮೇಲೆ ಸುತ್ತುತ್ತಿತ್ತು. ಆ ಗೂಡನ್ನು ಚಳಿಗಾಲದಲ್ಲಿ ನೋಡಿದಾಗ ಅದರ ತುಂಬ ಮರಿಗಳ ಪುಟ್ಟ ಎಲುಬುಗೂಡುಗಳಿದ್ದವು, ಏಕೆಂದರೆ ಹೀತ್‌ಕ್ಲಿಫ್ ಅದರ ಮೇಲೆ ಬಲೆಯೊಡ್ಡಿದ್ದರಿಂದ ತಾಯಿತಂದೆ ಹಕ್ಕಿಗಳು ಹತ್ತಿರ ಬರಲು ಹೆದರಿದ್ದವು. ಈ ಗೂಡನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ಕಿಟಕಿ ತೆರೆ, ಆ ಗಾಳಿ ನೇರವಾಗಿ ಗುಡ್ಡದ ಬಯಲಿನಿಂದ ಬರುತ್ತದೆ, ಒಂದು ಉಸಿರು ತೆಗೆದುಕೊಳ್ಳಲು ಬಿಡು ಎಂದು ಅವಳು ಬೇಡುತ್ತಾಳೆ. ಈಶಾನ್ಯದ ಗಾಳಿ ಜೋರಾಗಿ ಬೀಸುತ್ತಿದೆ, ಚಳಿಯಿಂದ ಸತ್ತುಹೋಗುತ್ತೀಯೆ ಎಂದು, ಈ ಕಥೆ ಹೇಳುವ ಮನೆಗೆಲಸದ ನೆಲ್ಲಿ ನಿರಾಕರಿಸುತ್ತಾಳೆ. ಬದುಕಲು ಒಂದು ಅವಕಾಶ ಕೊಡುವುದಿಲ್ಲ ಎಂದು ಹೇಳು ಎನ್ನುತ್ತಾಳೆ ಕ್ಯಾಥರಿನ್. ಕೊನೆಗೆ ತಾನೇ ಎದ್ದು ಹೋಗಿ ಕಿಟಕಿ ತೆರೆದು, ಚೂರಿಯಂತೆ ಕೊರೆಯುವ ಗಾಳಿಗೆ ಮೈಯೊಡ್ಡಿ, ಚಂದ್ರನಿಲ್ಲದ ಆ ಕತ್ತಲಲ್ಲಿ ಕಾಣಲು ಸಾಧ್ಯವೇ ಇಲ್ಲದ ತವರಾದ ಬೆಟ್ಟದ ಮನೆಯ ದೀಪವನ್ನು ಕಾಣುತ್ತಾಳೆ.

ನೆಲ್ಲಿಯನ್ನು ನಾನು ದೂರುವುದಿಲ್ಲ. ಕಾಯಿಲೆಯವರಿರುವ ಮನೆಯಲ್ಲಿ ನೀನಾಗಲಿ ನಾನಾಗಲಿ ಹಾಗೆಯೇ ಕಿಟಕಿ ಮುಚ್ಚುತ್ತಿದ್ದೆವು. ಆದರೆ ಗಾಳಿ ಎಲ್ಲಿಂದ ಬರುತ್ತಿದೆ ಎಂಬುದು ಮನೆ ಬಿಟ್ಟುಬಂದವರಿಗೆ ಎಷ್ಟು ಮುಖ್ಯ ಎಂಬುದನ್ನು ಮುಂಬಯಿಯಲ್ಲಿ ಬದುಕಿದ ನಾವು ಬಲ್ಲೆವು. ಮುಂಗಾರು ಸಾಮಾನ್ಯವಾಗಿ ಜೂನ್ 1ರಂದು ಕೇರಳ ಮುಟ್ಟಿ, ನಮ್ಮ ಕರಾವಳಿಯನ್ನು ಹಾದು, ಜೂನ್ 11ರ ಹೊತ್ತಿಗೆ ಇಲ್ಲಿಗೆ ಬರುತ್ತದೆ. ಊರಲ್ಲಿ ಮಳೆ ಹಿಡಿಯಿತಂತೆ ಎಂಬ ಸುದ್ದಿ ಬಂದ ಮೇಲೆ ಹೋಟೆಲಿನ ಹುಡುಗರೆಲ್ಲ ದಿನ ಎಣಿಸುತ್ತಿದ್ದುದು ನಿನಗೆ ಮರೆತಿರಲಾರದು. ನಮ್ಮ ಮನೆಗಳ ಹೆಂಚಿನ ಮೇಲೆ ಸುರಿದ ಮಳೆಯೇ ಮೆಲ್ಲಗೆ ನಡೆದು ನಮ್ಮನ್ನು ನೋಡಲು ಬರುತ್ತಿದೆ ಎಂಬಂತೆ ಅದನ್ನು ಕಾಯುತ್ತಿದ್ದೆವು. ಪಂಪ ಹತ್ತನೆಯ ಶತಮಾನದಲ್ಲಿ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದುಕೊಂಡು ‘ತೆಂಕಣ ಗಾಳಿ ಸೋಂಕಿದೊಡಂ’ ಎಂದು ಬನವಾಸಿಯನ್ನು ನೆನೆದದ್ದನ್ನು ರಾತ್ರಿ ಶಾಲೆಯಲ್ಲಿ ಕಲಿತಾಗ, ಅಂಕುಶವಿಟ್ಟರೂ ಮನಸ್ಸು ಊರನ್ನು ನೆನೆಯುತ್ತದೆ ಎಂಬ ಮಾತಿಗೆ ಅರ್ಥ ಹೇಳಿಸಿಕೊಳ್ಳಬೇಕಾದ ಅಗತ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕ್ಯಾಥರಿನ್ ಕೂಡ ತೆಂಕಣ ಗಾಳಿಯನ್ನು ಕೇಳುತ್ತಾಳೆ. ಮಾರ್ಚಿಯ ಮೊದಲ ದಿನಗಳಲ್ಲಿ ಎಡ್ಗರ್ ಒಂದು ಬೊಗಸೆ ಹೊಂಬಣ್ಣದ ಕ್ರೋಕಸ್ ಹೂಗಳನ್ನು ತಂದು ಅವಳ ದಿಂಬಿನ ಮೇಲೆ ಇಡುತ್ತಾನೆ. ಬೆಟ್ಟದ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಅರಳುವ ಹೂಗಳಿವು, ಹಿಮ ಕರಗಿಸುವ ಮೆತ್ತನೆಯ ಗಾಳಿ ಇವುಗಳಿಂದ ನೆನಪಾಗುತ್ತದೆ, ತೆಂಕಣ ಗಾಳಿ ಬೀಸುತ್ತಿದೆಯಲ್ಲವೇ, ಹಿಮ ಕರಗಿತಲ್ಲವೇ ಎಂದು ಅವಳು ಕೇಳಿದರೆ, ಇಲ್ಲಿ ಕೆಳಗೆ ಎಲ್ಲ ಕರಗಿದೆ, ಗುಡ್ಡಗಳ ಸಾಲಿನಲ್ಲಿ ಎರಡೇ ಬಿಳಿ ಚುಕ್ಕೆಗಳು ಉಳಿದಿವೆ, ಆಕಾಶ ನೀಲಿಯಾಗಿದೆ, ಬಾನಾಡಿಗಳು ಹಾಡುತ್ತಿವೆ, ತೊರೆಗಳು ತುಂಬಿವೆ ಎಂದು ಅವನು ಪ್ರೀತಿಯಿಂದ ಉತ್ತರಿಸುತ್ತಾನೆ. ಇಷ್ಟು ಚೆಲುವಾದ ವಸಂತದಲ್ಲಿ ಅವಳು ಗುಣವಾಗುತ್ತಾಳೆಂದು ಮನೆಯವರೆಲ್ಲ ನಂಬುತ್ತಾರೆ, ಓದುವ ನಾವೂ ನಂಬುತ್ತೇವೆ. ಮಾರ್ಚ್ 20ರಂದು ಅವಳು ಮಗಳನ್ನು ಹೆತ್ತು ತೀರಿಕೊಳ್ಳುತ್ತಾಳೆ. ಮುಂದೆ ಬಂದ ಶುಕ್ರವಾರ ಅವಳನ್ನು ಮಣ್ಣು ಮಾಡಿದ ಸಂಜೆ ಗಾಳಿ ತೆಂಕಣದಿಂದ ಈಶಾನ್ಯಕ್ಕೆ ತಿರುಗುತ್ತದೆ. ಮೊದಲು ಮಳೆ, ಆಮೇಲೆ ಆಲಿಕಲ್ಲು ಬೆರೆತ ಹಿಮ. ಮರುದಿನ ಕ್ರೋಕಸ್ ಹೂಗಳು ಹಿಮದ ರಾಶಿಯ ಕೆಳಗೆ ಹೂತುಹೋಗಿರುತ್ತವೆ, ಬಾನಾಡಿಗಳ ದನಿ ಅಡಗಿರುತ್ತದೆ, ಚಿಗುರೆಲೆಗಳು ಕಪ್ಪಿಟ್ಟಿರುತ್ತವೆ. ದಿಂಬಿನ ಮೇಲಿನ ಹೂ ಮತ್ತು ಹಾಡುತ್ತಿದ್ದ ಹಕ್ಕಿ ಎರಡನ್ನೂ ಮರೆಯದೆ ಹೆಸರಿಸಿ ಕಸಿದುಕೊಂಡ ಈ ಸಾಲುಗಳು ಇರುವುದು ನಮ್ಮ ಪ್ರತಿಯ ಆ ಸುಕ್ಕುಗಟ್ಟಿದ ಪುಟಗಳಲ್ಲೇ.

ಎಡ್ಗರ್ ಸುಳ್ಳು ಹೇಳಲಿಲ್ಲ, ಆಕಾಶ ನಿಜಕ್ಕೂ ನೀಲಿಯಾಗಿತ್ತು. ಇದೇ ಆಟ ಕಾದಂಬರಿಯುದ್ದಕ್ಕೂ ನಡೆಯುತ್ತದೆ. ಮೂರು ವರ್ಷ ಕಾಣೆಯಾಗಿದ್ದ ಹೀತ್‌ಕ್ಲಿಫ್ ಸೇಡು ಹೊತ್ತು ಮರಳುವುದು ಸೆಪ್ಟೆಂಬರಿನ ಒಂದು ಮಾಗಿದ ಸಂಜೆ. ಸೇಬಿನ ಬುಟ್ಟಿ ಹೊತ್ತ ನೆಲ್ಲಿ ಆ ಸಿಹಿಯಾದ ಗಾಳಿಯನ್ನು ಇನ್ನೆರಡು ಉಸಿರು ಸೇವಿಸಲೆಂದು ಮೆಟ್ಟಿಲ ಬಳಿ ನಿಂತಾಗ ಬೆನ್ನ ಹಿಂದೆ ಅವನ ದನಿ ಕೇಳುತ್ತದೆ. ಮಗಳು ಕ್ಯಾಥಿಗೆ ಹದಿನಾರು ತುಂಬಿದ ದಿನ, ಎಂದರೆ ತಾಯಿ ಸತ್ತ ಅದೇ ಮಾರ್ಚ್ 20, ಸುಂದರವಾದ ವಸಂತದ ದಿನವೆಂದು ನೆಲ್ಲಿ ಬಾಯಿಬಿಟ್ಟು ಹೇಳುತ್ತಾಳೆ. ಹುಡುಗಿ ಹೊರಡುವುದು ಗುಡ್ಡದ ಹಕ್ಕಿಗಳು ಗೂಡು ಕಟ್ಟಿವೆಯೇ ಎಂದು ನೋಡಲು, ಸಿಗುವವನು ಹೀತ್‌ಕ್ಲಿಫ್. ತಾಯಿ ಜ್ವರದಲ್ಲಿ ಕಂಡ ಆ ಗೂಡಿನ ಮೇಲೆ ಬಲೆಯೊಡ್ಡಿದ್ದವನೇ ಈಗ ಗೂಡು ಹುಡುಕಿ ಬಂದ ಮಗಳನ್ನು ಮನೆಗೆ ಕರೆದೊಯ್ಯುತ್ತಾನೆ. ಮುಂದೆ ಅವಳನ್ನು ಬೀಗ ಹಾಕಿ ಕೂಡಿಹಾಕಿ ತನ್ನ ರೋಗಿಷ್ಠ ಮಗನಿಗೆ ಮದುವೆ ಮಾಡಿಸುವ ಸಂಚು ಫಲಿಸುವುದು ಆಗಸ್ಟಿನ ಹೊಂಬಿಸಿಲಿನ ಮಧ್ಯಾಹ್ನ. ಸಾಯುತ್ತಿರುವವನೂ ಉಸಿರೆಳೆದರೆ ಚೇತರಿಸಿಕೊಂಡಾನು ಎನ್ನುವಷ್ಟು ಜೀವ ಆ ದಿನದ ಗಾಳಿಯಲ್ಲಿತ್ತಂತೆ. ಎಡ್ಗರ್ ವಸಂತವಾದರೆ, ಹೀತ್‌ಕ್ಲಿಫ್ ಚಳಿಗಾಲವಾದರೆ, ಈ ನಾಲ್ಕು ದಿನಗಳನ್ನು ನೀನು ತರಗತಿಯಲ್ಲಿ ಹೇಗೆ ವಿವರಿಸುತ್ತೀಯೆ?

2005ರ ಜುಲೈ 26 ನೆನಪಾಗುತ್ತದೆ. ಬೆಳಿಗ್ಗೆ ಎಂದಿನಂತೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗಿದ್ದೆವು. ಮಧ್ಯಾಹ್ನದ ನಂತರ ಶುರುವಾದದ್ದು ನಿಲ್ಲಲಿಲ್ಲ, ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನಾನು ರಾತ್ರಿಯಿಡೀ ಹಳಿಯ ಗುಂಟ ನಡೆದವರಲ್ಲಿ ಒಬ್ಬ. ಆ ರಾತ್ರಿಯ ನಂತರ ಬೆಳಗಿನ ಆಕಾಶ ನೋಡಿ ದಿನವನ್ನು ಅಳೆಯುವುದನ್ನು ಬಿಟ್ಟೆ, ಬಹುಶಃ ಈ ಕಾದಂಬರಿಯ ಬಿಸಿಲನ್ನು ನಾನು ಅನುಮಾನದಿಂದ ನೋಡತೊಡಗಿದ್ದೂ ಅಂದಿನಿಂದಲೇ.

ಇನ್ನು ಬಿರುಗಾಳಿಯ ಮಾತು. ತಾನು ಎಡ್ಗರ್‌ನನ್ನು ಮದುವೆಯಾಗುವುದಾಗಿ ನೆಲ್ಲಿಗೆ ಹೇಳುತ್ತ ಕ್ಯಾಥರಿನ್ ಋತುಗಳ ಭಾಷೆಯಲ್ಲೇ ತನ್ನ ಮನಸ್ಸು ಬಿಚ್ಚುತ್ತಾಳೆ: ಎಡ್ಗರ್ ಮೇಲಿನ ಪ್ರೀತಿ ಕಾಡಿನ ಎಲೆಗಳಂತೆ, ಚಳಿಗಾಲ ಮರಗಳನ್ನು ಬದಲಿಸುವ ಹಾಗೆ ಕಾಲ ಅದನ್ನು ಬದಲಿಸುತ್ತದೆ, ಹೀತ್‌ಕ್ಲಿಫ್ ಮೇಲಿನ ಪ್ರೀತಿ ನೆಲದಡಿಯ ಬಂಡೆ, ಕಣ್ಣಿಗೆ ಹಿತವಲ್ಲದಿದ್ದರೂ ಇರಲೇಬೇಕಾದದ್ದು. ಇಲ್ಲಿ ಹೀತ್‌ಕ್ಲಿಫ್‌ಗೆ ಯಾವ ಋತುವಿನ ಹೆಸರೂ ಇಲ್ಲ ಎಂಬುದನ್ನು ನೋಡು. ಋತುಗಳು ತಾಗದ ಒಂದೇ ವಸ್ತುವನ್ನು ಅವಳು ಅವನಿಗಾಗಿ ಆರಿಸುತ್ತಾಳೆ. ಅವನಾದರೋ ಅರ್ಧ ಮಾತು ಕೇಳಿ ಎದ್ದುಹೋಗಿರುತ್ತಾನೆ. ನಡುರಾತ್ರಿಯ ಹೊತ್ತಿಗೆ ಗುಡುಗು ಗಾಳಿಯೊಡನೆ ಬಂದ ಮಳೆಯಲ್ಲಿ ದೊಡ್ಡ ಕೊಂಬೆಯೊಂದು ಸೂರಿನ ಮೇಲೆ ಬಿದ್ದು, ಹೊಗೆಗೂಡಿನ ಒಂದು ಭಾಗ ಕುಸಿದು, ಕಲ್ಲು ಮಸಿಗಳೆಲ್ಲ ಒಲೆಗೆ ಸುರಿಯುತ್ತವೆ. ಕ್ಯಾಥರಿನ್ ತಲೆಗೆ ಏನನ್ನೂ ಹೊದೆಯದೆ ಮಳೆಯಲ್ಲಿ ನಿಂತು ಅವನನ್ನು ಕೂಗುತ್ತಾಳೆ. ಜ್ವರ ಬರುತ್ತದೆ, ಆರೈಕೆಗೆಂದು ಅವಳನ್ನು ಮನೆಗೆ ಕರೆದುಕೊಂಡು ಹೋದ ಎಡ್ಗರ್‌ನ ತಂದೆ ತಾಯಿ ಆ ಜ್ವರ ತಗುಲಿ ತೀರಿಕೊಳ್ಳುತ್ತಾರೆ. ಸಂಕೇತವೆಂದು ನಾವು ಕರೆಯುವ ಮಳೆ ಇಲ್ಲಿ ಎರಡು ಹೆಣ ಬೀಳಿಸಿ ಒಂದು ಮನೆತನದ ಯಜಮಾನಿಕೆಯನ್ನೇ ಬದಲಾಯಿಸುತ್ತದೆ. ನಮ್ಮ ಹಿರಿಯರು ಆರಿದ್ರಾ, ಪುನರ್ವಸು ಎಂದು ಮಳೆಗೆ ಹೆಸರಿಟ್ಟು, ಇಂಥ ಮಳೆ ಇಂಥದ್ದನ್ನು ಮಾಡುತ್ತದೆ ಎನ್ನುತ್ತಿದ್ದರಲ್ಲ, ಆ ಕಿವಿಯಿಂದ ಕೇಳಿದರೆ ಈ ಅಧ್ಯಾಯ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ನನ್ನ ನಂಬಿಕೆ. ಯಾರ್ಕ್‌ಷೈರಿನ ಹಾವರ್ತ್ ಎಂಬ ಊರಿನಲ್ಲಿ, ಗುಡ್ಡದ ಬಯಲಿಗೆ ಹೊಂದಿಕೊಂಡ ಮನೆಯಲ್ಲಿ ಬೆಳೆದ ಬ್ರಾಂಟೆಗೆ ಗಾಳಿಮಳೆ ಅಲಂಕಾರವಾಗಿರಲು ಸಾಧ್ಯವೇ ಇರಲಿಲ್ಲ. 1847ರ ಡಿಸೆಂಬರಿನಲ್ಲಿ ಎಲ್ಲಿಸ್ ಬೆಲ್ ಎಂಬ ಹೆಸರಿನಲ್ಲಿ ತನ್ನ ಈ ಒಂದೇ ಕಾದಂಬರಿಯನ್ನು ಪ್ರಕಟಿಸಿದ ಅವಳು ಮರುವರ್ಷದ ಡಿಸೆಂಬರಿನಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡಳು.

ಹೀತ್‌ಕ್ಲಿಫ್ ಸಾಯುವ ರಾತ್ರಿಗೆ ಬರುತ್ತೇನೆ. ಏಪ್ರಿಲ್ ತಿಂಗಳು, ಹುಲ್ಲು ಹಸಿರಾಗಿದೆ, ಗೋಡೆಯ ಬಳಿಯ ಎರಡು ಗಿಡ್ಡ ಸೇಬಿನ ಮರಗಳು ಮೈತುಂಬ ಹೂಬಿಟ್ಟಿವೆ. ಆಮೇಲೊಂದು ರಾತ್ರಿ ಬೆಳಗಾಗುವವರೆಗೆ ಮಳೆ ಹೊಯ್ಯುತ್ತದೆ. ನೆಲ್ಲಿ ಬೆಳಿಗ್ಗೆ ಮನೆ ಸುತ್ತಿ ಬರುವಾಗ ಅವನ ಕಿಟಕಿ ತೆರೆದು ಬಡಿದುಕೊಳ್ಳುತ್ತಿದೆ, ಮಳೆ ನೇರವಾಗಿ ಒಳಗೆ ಹೊಡೆಯುತ್ತಿದೆ. ಒಳಗೆ ಹೋಗಿ ನೋಡಿದರೆ ಅದೇ ಹಲಗೆಯ ಮಂಚ. ಮಲಗಿರುವ ಅವನ ಮುಖ ಮತ್ತು ಕೊರಳು ಮಳೆಯಲ್ಲಿ ತೋಯ್ದಿವೆ, ಹಾಸಿಗೆಯಿಂದ ನೀರು ತೊಟ್ಟಿಕ್ಕುತ್ತಿದೆ. ಕಿಟಕಿಯ ಅಂಚಿನಲ್ಲಿಟ್ಟಿದ್ದ ಒಂದು ಕೈಯನ್ನು ಬಡಿಯುವ ಬಾಗಿಲು ತರಚಿದೆ, ಆದರೆ ಹರಿದ ಚರ್ಮದಿಂದ ರಕ್ತ ಬಂದಿಲ್ಲ. ಮೂರನೆಯ ಅಧ್ಯಾಯದಲ್ಲಿ ಇದೇ ಕಿಟಕಿಯಲ್ಲಿ ಸತ್ತವಳ ಕೈಯಿಂದ ರಕ್ತ ಹರಿದಿತ್ತು; ಇಲ್ಲಿ ಬದುಕಿದ್ದವನ ಕೈಯಲ್ಲಿ ರಕ್ತವಿಲ್ಲ. ಇಷ್ಟು ವರ್ಷ ಓದಿಯೂ ಈ ಎರಡು ಕೈಗಳನ್ನು ನಾನು ಜೊತೆಗಿಟ್ಟು ನೋಡಿರಲಿಲ್ಲ. ನಿನ್ನೆ ರಾತ್ರಿ ಕಂಡಾಗ ಪುಸ್ತಕ ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆ. ನೆಲ್ಲಿ ಆಗಲೂ ಮೊದಲು ಮಾಡುವುದು ಅದೇ ಕೆಲಸ, ಕಿಟಕಿಯ ಚಿಲಕ ಹಾಕುವುದು.

ಒಂದು ಮಾತು ನಿನ್ನ ಪರವಾಗಿಯೂ ಹೇಳಬೇಕು. ಲಾಕ್‌ವುಡ್ 1802ರ ಸೆಪ್ಟೆಂಬರಿನಲ್ಲಿ ಮತ್ತೆ ಬೆಟ್ಟದ ಮನೆಗೆ ಬಂದಾಗ ಗೇಟು ಕೈಯಿಟ್ಟೊಡನೆ ತೆರೆಯುತ್ತದೆ, ಹಣ್ಣಿನ ಗಿಡಗಳ ನಡುವಿನಿಂದ ಹೂವಿನ ಕಂಪು ಬರುತ್ತದೆ, ಬಾಗಿಲುಗಳೂ ಕಿಟಕಿಗಳೂ ತೆರೆದಿರುತ್ತವೆ. ಒಳಗೆ ಮಗಳು ಕ್ಯಾಥಿ ತನ್ನ ಸೋದರಮಾವನ ಮಗ ಹೇರ್ಟನ್‌ನಿಗೆ ಓದಲು ಕಲಿಸುತ್ತಿರುತ್ತಾಳೆ. ಅಂದು ಕಿಂಡಿ ಮುಚ್ಚಲು ಬಳಕೆಯಾದ ಪುಸ್ತಕ ಈಗ ಓದಲು ಬಳಕೆಯಾಗುತ್ತಿದೆ. ಈ ಒಂದು ತಿಳಿಯಾದ ದಿನವನ್ನು ನಾನು ಪೂರ್ತಿಯಾಗಿ ನಂಬುತ್ತೇನೆ, ಏಕೆಂದರೆ ಈ ಮನೆಯ ಕಿಟಕಿಗಳು ಹೀಗೆ ಯಾರ ದುಃಖವೂ ಇಲ್ಲದೆ ತೆರೆದದ್ದು ಇದೇ ಮೊದಲು.

ಆದರೆ ಕೊನೆಯ ವಾಕ್ಯವನ್ನು ನಂಬಬೇಕೋ ಬೇಡವೋ ಎಂಬುದರಲ್ಲಿ ನಮ್ಮಿಬ್ಬರಿಗೆ ಜಗಳವಿದೆ, ಅದನ್ನು ನೀನೇ ತೀರಿಸಬೇಕು. ಲಾಕ್‌ವುಡ್ ಕ್ಯಾಥರಿನ್, ಎಡ್ಗರ್, ಹೀತ್‌ಕ್ಲಿಫ್ ಮೂವರ ಸಮಾಧಿಗಳ ಬಳಿ ನಿಂತು, ಹೀತ್ ಗಿಡಗಳ ನಡುವೆ ಹಾರಾಡುವ ಪತಂಗಗಳನ್ನು ನೋಡುತ್ತ, ಹುಲ್ಲಿನಲ್ಲಿ ಉಸಿರಾಡುವ ಮೆಲುಗಾಳಿಯನ್ನು ಕೇಳುತ್ತ, ಇಷ್ಟು ಶಾಂತವಾದ ನೆಲದಲ್ಲಿ ಮಲಗಿದವರಿಗೆ ನೆಮ್ಮದಿಯಿಲ್ಲವೆಂದು ಯಾರು ತಾನೇ ಊಹಿಸಿಯಾರು ಎನ್ನುತ್ತಾನೆ. ನೀನು ಇದನ್ನು ಕಾದಂಬರಿಯ ತೀರ್ಪು ಎನ್ನುತ್ತೀಯೆ. ಹೇಳುತ್ತಿರುವವನು ಕಿಂಡಿಗೆ ಪುಸ್ತಕ ಒಟ್ಟಿದವನು, ನೋಡುತ್ತಿರುವುದು ತಿಳಿಯಾದ ಆಕಾಶವನ್ನು ಎಂಬುದನ್ನು ನಾನು ಮರೆಯಲಾರೆ. ಅದಕ್ಕಿಂತ ಸ್ವಲ್ಪ ಹಿಂದೆ ನೆಲ್ಲಿ ಬೇರೆಯದನ್ನು ಹೇಳಿರುತ್ತಾಳೆ: ಗುಡುಗುವಂತಿದ್ದ ಒಂದು ಕತ್ತಲ ಸಂಜೆ, ಒಂದು ಕುರಿ ಎರಡು ಮರಿ ಹೊಡೆದುಕೊಂಡು ಬರುತ್ತಿದ್ದ ಹುಡುಗನೊಬ್ಬ ದಾರಿಯಲ್ಲಿ ಹೀತ್‌ಕ್ಲಿಫ್ ಮತ್ತು ಒಬ್ಬ ಹೆಂಗಸು ನಿಂತಿದ್ದಾರೆಂದು ಅಳುತ್ತ ನಿಂತುಬಿಟ್ಟಿದ್ದ, ಕುರಿಗಳೂ ಮುಂದೆ ಹೋಗಲೊಪ್ಪಲಿಲ್ಲ. ಬೆಟ್ಟದ ಮನೆಯ ಮುದಿ ಆಳು ಜೋಸೆಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಹೀತ್‌ಕ್ಲಿಫ್ ಸತ್ತಂದಿನಿಂದ ಪ್ರತಿಯೊಂದು ಮಳೆಯ ರಾತ್ರಿಯೂ ಅವರಿಬ್ಬರು ಆ ಕೋಣೆಯ ಕಿಟಕಿಯಿಂದ ಹೊರಗೆ ನೋಡುತ್ತಿರುವುದನ್ನು ತಾನು ಕಂಡಿದ್ದೇನೆ ಎನ್ನುತ್ತಾನೆ.

ನಾನು ಜೋಸೆಫನ ಕಡೆ. ನಿನ್ನ ಉತ್ತರ ಬರೆ. ಪುಸ್ತಕ ಬೇಕೆಂದರೆ ನಾನೇ ತಂದುಕೊಡುತ್ತೇನೆ, ಈ ಮಳೆಯಲ್ಲಿ ಅಂಚೆಗೆ ಹಾಕಲು ಮನಸ್ಸಾಗುತ್ತಿಲ್ಲ. ಒಮ್ಮೆ ನೆನೆದದ್ದು ಸಾಕು.

ನಿನ್ನ,
ಖೋಲಿಯ ಗೆಳೆಯ